ತಂಬಾಕಿನ ಪಾಠ ಮತ್ತು ರೋಗಿಯ ಮೇಲಣ ಅಪವಾದ

ಜ್ವರ ಬಂತು, ಕಾಮಾಲೆ ಬಂತು, ಸಕ್ಕರೆ ಕಾಯಿಲೆ ಬಂತು ಎನ್ನುವ ನಾವು, ಬೀಡಿ ಸೇದುತ್ತಿದ್ದವರಿಗೆ ಶ್ವಾಸಕೋಶದ ಕ್ಯಾನ್ಸರ್ ಆದಾಗ ಮಾತ್ರ ‘ತಾನಾಗಿ ತಂದುಕೊಂಡ’ ಎನ್ನುತ್ತೇವೆ. ಮೊದಲಿನ ವಾಕ್ಯಗಳಲ್ಲಿ ರೋಗವೇ ಕರ್ತೃ. ಎರಡನೆಯದರಲ್ಲಿ ರೋಗಿಯೇ ಕರ್ತೃ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯೂ ಒಡನೆಯೇ ನಾಲಗೆಗೆ ಬರುತ್ತದೆ. ತಂಬಾಕಿನ ದುಷ್ಪರಿಣಾಮಗಳನ್ನು ಬೋಧಿಸುವ ದಿನ, ಇಂತಹ ರೋಗಿಯ ಮನೆಯ ಮಗುವೊಂದು ತರಗತಿಯಲ್ಲಿ ಕುಳಿತಿರಬಹುದು ಎಂಬುದನ್ನು ಶಿಕ್ಷಕರು ನೆನಪಿಡಬೇಕು. ಕಪ್ಪಾದ ಶ್ವಾಸಕೋಶದ ಚಿತ್ರಪಟದಿಂದ ಇತರ ಮಕ್ಕಳು ಆರೋಗ್ಯದ ಪಾಠ ಕಲಿತರೆ, ಆ ಮಗು ಕಲಿಯುವುದು ತನ್ನ ತಂದೆ ತಪ್ಪಿತಸ್ಥನೆಂಬುದನ್ನು.

ಅಪವಾದದ ಭಯವು ಚಿಕಿತ್ಸೆಗೂ ಅಡ್ಡಿಯಾಗುತ್ತದೆ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಇವು ಕ್ಷಯದ ಲಕ್ಷಣಗಳೂ ಹೌದು. ಆದುದರಿಂದ ನಮ್ಮ ದೇಶದಲ್ಲಿ ಎಷ್ಟೋ ರೋಗಿಗಳು ಮೊದಲು ಕ್ಷಯದ ಔಷಧಿ ಸೇವಿಸಿ ತಿಂಗಳುಗಳನ್ನು ಕಳೆಯುತ್ತಾರೆ. ‘ಸೇದುತ್ತಿದ್ದೆಯಾ?’ ಎಂಬ ಪ್ರಶ್ನೆಗೆ ಅಂಜಿ ಕೆಮ್ಮನ್ನೇ ಮುಚ್ಚಿಟ್ಟರೆ ವಿಳಂಬ ಮತ್ತಷ್ಟು ಹೆಚ್ಚುತ್ತದೆ. ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಬಹುದಾದ ರೋಗವು ತಡವಾದಾಗ ಕೈಮೀರುತ್ತದೆ.

ತಂಬಾಕಿನ ಹೊಗೆಯೇ ಈ ರೋಗದ ಅತಿ ದೊಡ್ಡ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು 1950ರಲ್ಲಿಯೇ ಈ ಸಂಬಂಧವನ್ನು ತೋರಿಸಿದರು. ಆದರೆ ಅದೊಂದೇ ಕಾರಣವಲ್ಲ. ಹೊರಗಿನ ಗಾಳಿಯ ಮಾಲಿನ್ಯವೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2013ರಲ್ಲಿ ಘೋಷಿಸಿತು. ಮನೆಯೊಳಗಿನ ಕಲ್ಲಿದ್ದಲಿನ ಹೊಗೆ, ಕಲ್ನಾರಿನ ಧೂಳು, ಪರರು ಸೇದಿ ಬಿಟ್ಟ ಹೊಗೆ ಇವೂ ಆ ಪಟ್ಟಿಯಲ್ಲಿವೆ; ಕಟ್ಟಿಗೆಯ ಒಲೆಯ ಹೊಗೆಯೂ ಸಂಭವನೀಯ ಕಾರಣವೆನಿಸಿದೆ. ಎಂದೂ ಬೀಡಿ ಮುಟ್ಟದ, ಬಹುಕಾಲ ಒಲೆಯ ಮುಂದೆ ಕುಳಿತ ಹೆಂಗಸರು ಭಾರತದ ರೋಗಿಗಳಲ್ಲಿ ಕಡಿಮೆ ಸಂಖ್ಯೆಯಲ್ಲಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ‘ಪಾಪ, ಆಕೆ ಒಮ್ಮೆಯೂ ಸೇದಿದವಳಲ್ಲ’ ಎಂಬ ಸಮರ್ಥನೆ ಸದುದ್ದೇಶದ್ದೇ ಆದರೂ, ಸೇದಿದವರು ಕರುಣೆಗೆ ಅರ್ಹರಲ್ಲ ಎಂಬ ಧ್ವನಿ ಅದರಲ್ಲಿದೆ. ಸೇದಿದವರ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. ಹೆಚ್ಚಿನವರು ಹರೆಯದಲ್ಲಿ ಆರಂಭಿಸುತ್ತಾರೆ. ನಿಕೋಟಿನ್ ಮಿದುಳನ್ನು ತನಗೆ ಒಗ್ಗಿಸಿಕೊಂಡ ಮೇಲೆ ಬಿಡುವುದು ಬರಿಯ ಮನೋಬಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮಹಾಯುದ್ಧಗಳ ಕಾಲದಲ್ಲಿ ಸರಕಾರಗಳೇ ಸೈನಿಕರ ಪಡಿತರದಲ್ಲಿ ಸಿಗರೇಟು ಹಂಚಿದವು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು ನಮ್ಮ 2003ರ ಕಾಯ್ದೆ ಹೇಳುತ್ತದೆ. ತಮ್ಮ ಶಾಲೆಯ ಗೇಟಿನ ಎದುರಿನ ಅಂಗಡಿಯನ್ನು ಶಿಕ್ಷಕರೊಮ್ಮೆ ನೋಡಿ ಬರಬಹುದು. ಮಾರುವವರ, ಮಾರಲು ಬಿಟ್ಟವರ ಪಾಲನ್ನೆಲ್ಲ ಮರೆತು ಕೆಮ್ಮುವವನೊಬ್ಬನನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ.

ಸೋಲಾಪುರದ ಕಡೆಯ ಶಾಲೆಗಳಲ್ಲಿ ಈ ಪಾಠ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಬೀಡಿ ಕಟ್ಟುವುದು ಸಹಸ್ರಾರು ಹೆಂಗಸರ ಜೀವನೋಪಾಯ. ಮಗುವಿನ ಪುಸ್ತಕಕ್ಕೆ ಹಣ ಬಂದದ್ದೂ ಆ ಎಲೆಯಿಂದಲೇ ಇರಬಹುದು. ಮನೆಯಲ್ಲಿ ಕನ್ನಡವಾಡುವ ಮಗು ಆಸ್ಪತ್ರೆಯಲ್ಲಿ ‘ಫುಫ್ಫುಸಾಚಾ ಕರ್ಕರೋಗ’ ಎಂಬ ಮರಾಠಿ ಮಾತನ್ನು ಕೇಳಿ, ಅದರ ಅರ್ಥವನ್ನು ಯಾರಲ್ಲಿ ಕೇಳಬೇಕೆಂದು ತಿಳಿಯದೆ ಶಿಕ್ಷಕರ ಬಳಿಗೆ ಬರುವುದೂ ಸಾಧ್ಯ. ಆಗ ಅದು ಶ್ವಾಸಕೋಶದ ಕ್ಯಾನ್ಸರೆಂದು ಸ್ಪಷ್ಟವಾಗಿಯೇ ಹೇಳಬೇಕು. ಅದು ಅಂಟುರೋಗವಲ್ಲವೆಂದೂ, ತಂದೆಯ ಪಕ್ಕದಲ್ಲಿ ಕುಳಿತು ಉಣ್ಣಬಹುದೆಂದೂ ತಿಳಿಸಬೇಕು. ಅವರು ಸೇದುತ್ತಿದ್ದರೇ ಎಂದು ಮಗುವನ್ನು ಕೇಳಬಾರದು.

ಭಾಷಾ ಶಿಕ್ಷಕರು ಇದನ್ನು ವ್ಯಾಕರಣದ ಅಭ್ಯಾಸವಾಗಿಯೂ ನಡೆಸಬಹುದು. ‘ಬೀಡಿ ಸೇದುವವರು ಕ್ಯಾನ್ಸರ್ ತಂದುಕೊಳ್ಳುತ್ತಾರೆ’ ಎಂಬ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು, ಹೊಗೆಯನ್ನು ಕರ್ತೃವಾಗಿಸಿ ತಿದ್ದಲು ಹೇಳಿ. ‘ತಂಬಾಕಿನ ಹೊಗೆ ಶ್ವಾಸಕೋಶದ ಜೀವಕೋಶಗಳನ್ನು ಕೆಡಿಸುತ್ತದೆ’ ಎಂದು ಯಾರಾದರೂ ಬರೆದಾರು. ಎಚ್ಚರಿಕೆಯ ತೀವ್ರತೆ ಇದರಲ್ಲಿ ಎಳ್ಳಷ್ಟೂ ಕುಂದಿಲ್ಲ ಎಂಬುದನ್ನು ಮಕ್ಕಳೇ ಗುರುತಿಸಲಿ. ಅನಂತರ ‘ಬಂತು’ ಮತ್ತು ‘ತಂದುಕೊಂಡ’ ಎಂಬ ಕ್ರಿಯಾಪದಗಳನ್ನು ಯಾವ ಯಾವ ರೋಗಗಳಿಗೆ ಬಳಸುತ್ತೇವೆಂದು ಮನೆಯಲ್ಲಿ ಕೇಳಿ ಪಟ್ಟಿಮಾಡಿ ತರಲು ತಿಳಿಸಬಹುದು.