ರಕ್ತ ನಿಲ್ಲುವುದು ಹೇಗೆ? ನಿಲ್ಲದಿರುವುದು ಯಾವಾಗ?

ವಿದ್ಯಾರ್ಥಿಗಳೇ, ಅಕ್ಕೋಳ, ನಿಪ್ಪಾಣಿ ಕಡೆಯ ಕಬ್ಬಿನ ಹೊಲಗಳಲ್ಲಿ ಕಟಾವು ನಡೆಯುವಾಗ ರವದಿ ತರಚದ, ಕುಡಗೋಲು ತಾಗದ ಕೈ ಅಪರೂಪ. ಚಿಕ್ಕ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಅಷ್ಟರಲ್ಲಿ ಒಳಗೆ ಏನು ನಡೆಯಿತೆಂದು ಯೋಚಿಸಿದ್ದೀರಾ?

ತುಂಡಾದ ರಕ್ತನಾಳ ಮೊದಲು ತಾನೇ ಸಂಕುಚಿತಗೊಳ್ಳುತ್ತದೆ. ಕೂಡಲೇ ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಹರಿದ ಅಂಚಿಗೂ ಒಂದಕ್ಕೊಂದಕ್ಕೂ ಅಂಟಿಕೊಂಡು ಬಿರಡೆಯಾಗುತ್ತವೆ. ಮೂಳೆಯ ಮಜ್ಜೆಯಲ್ಲಿರುವ ದೊಡ್ಡ ಜೀವಕೋಶಗಳ ಚೂರುಗಳಿವು. ಇವುಗಳ ಆಯುಷ್ಯ 7ರಿಂದ 10 ದಿನ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ.

ಆದರೆ ಈ ಬಿರಡೆ ಸಡಿಲ. ಪ್ಲಾಸ್ಮಾದಲ್ಲಿರುವ ಹಲವು ಪ್ರೋಟೀನುಗಳು ಒಂದನ್ನೊಂದು ಎಚ್ಚರಿಸುತ್ತ ಹೋಗಿ ಕೊನೆಗೆ ಥ್ರಾಂಬಿನ್ ಉಂಟಾಗುತ್ತದೆ. ಅದು ಕರಗಿದ ಸ್ಥಿತಿಯಲ್ಲಿದ್ದ ಫೈಬ್ರಿನೋಜನ್ನನ್ನು ಫೈಬ್ರಿನ್ ಎಂಬ ನೂಲಾಗಿಸುತ್ತದೆ. ನೂಲಿನ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಬಿದ್ದು ಹೆಪ್ಪಾಗುತ್ತದೆ. ಒಣಗಿದ ಹೆಪ್ಪೇ ಹಕ್ಕಳೆ. ಅದರಡಿಯಲ್ಲಿ, ಕಿರುತಟ್ಟೆಗಳು ಬಿಟ್ಟ ರಾಸಾಯನಿಕಗಳ ಕರೆಗೆ ಓಗೊಟ್ಟು ಹೊಸ ಜೀವಕೋಶಗಳು ಬೆಳೆಯುತ್ತಿರುತ್ತವೆ. ಹಕ್ಕಳೆ ಕೀಳಬೇಡಿರೆಂದು ಅಜ್ಜಿ ಗದರುವುದು ಸುಮ್ಮನೆ ಅಲ್ಲ!

ಇದೇ ಕಬ್ಬಿನಲ್ಲಿ ಇಲಿಗಳನ್ನರಸಿ ಕೊಳಕುಮಂಡಲವೂ ಬರುತ್ತದೆ, ಮರಾಠಿಯಲ್ಲಿ ಘೋಣಸ್. ಇದರ ವಿಷ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಮೈಯೆಲ್ಲ ಒಮ್ಮೆಲೇ ಕೆರಳಿಸುತ್ತದೆ. ಗಾಯವಿಲ್ಲದ ಕಡೆಯೂ ಫೈಬ್ರಿನೋಜನ್ ವ್ಯರ್ಥವಾಗಿ ಖರ್ಚಾಗುತ್ತದೆ. ಆಮೇಲೆ ನಿಜವಾದ ಗಾಯಕ್ಕೆ ನೂಲೇ ಉಳಿಯದು. ವಸಡಿನಿಂದಲೂ ರಕ್ತ ಜಿನುಗಬಹುದು. ಹಾವು ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಕೊಯ್ದರೆ ವಿಷ ಹೊರಬರುವುದಿಲ್ಲ, ಹರಿದ ರಕ್ತ ನಿಲ್ಲುವುದೂ ಇಲ್ಲ. ಬಿಗಿಯಾಗಿ ಹಗ್ಗ ಕಟ್ಟದೆ, ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಅಲ್ಲಿ ನಡೆಯುವ ಒಂದು ಪರೀಕ್ಷೆ ಬಹಳ ಸರಳ. ಶುಭ್ರವಾದ ಒಣ ಗಾಜಿನ ಕೊಳವೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಪ್ಲಾಸ್ಟಿಕ್ ಕೊಳವೆ ಆಗದು. ಹೆಪ್ಪುಗಟ್ಟುವ ಕ್ರಿಯೆಯನ್ನು ಇಲ್ಲಿ ಆರಂಭಿಸುವುದು ಗಾಜಿನ ಮೈಯೇ. ಬಳಿಕ ಓರೆ ಮಾಡಿ ನೋಡುತ್ತಾರೆ. ರಕ್ತ ಇನ್ನೂ ನೀರಿನಂತೆ ಹರಿದರೆ ಪ್ರತಿವಿಷ ಕೊಡಲೇಬೇಕು. ಹೆಪ್ಪುಗಟ್ಟಿದ್ದರೂ ರೋಗಿಯನ್ನು ಮನೆಗೆ ಕಳಿಸದೆ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಇನ್ನೊಂದು ವಿಷಯ: ಪ್ರತಿವಿಷ ವಿಷವನ್ನಷ್ಟೇ ತಡೆಯುತ್ತದೆ. ಕಳೆದುಹೋದ ಫೈಬ್ರಿನೋಜನ್ನನ್ನು ಯಕೃತ್ತು ಹೊಸದಾಗಿ ತಯಾರಿಸಬೇಕು. ಅದಕ್ಕೆ ಸುಮಾರು 6 ಗಂಟೆ ಹಿಡಿಯುವುದರಿಂದ, ಅಷ್ಟು ಹೊತ್ತಿನ ನಂತರ ಕೊಳವೆಯನ್ನು ಮತ್ತೊಮ್ಮೆ ಓರೆ ಮಾಡಿ ನೋಡುತ್ತಾರೆ.