ಕ್ಷಯಪರೀಕ್ಷೆಗೆ ಕಫವನ್ನು ಸಿದ್ಧಪಡಿಸುವ ಕ್ರಮ

ಉಗುಳು ಎಂಬ ನಮ್ಮ ಮಾತು ಬಾಯಿಯ ಎಂಜಲಿಗೂ ಸಲ್ಲುತ್ತದೆ, ಎದೆಯಿಂದ ಬಂದ ಕಫಕ್ಕೂ ಸಲ್ಲುತ್ತದೆ. ಕಾವ್ಯದಲ್ಲಿ ಇಂತಹ ದ್ವ್ಯರ್ಥವು ಶ್ಲೇಷೆಯೆನಿಸೀತು. ಕ್ಷಯರೋಗದ ಪರೀಕ್ಷೆಯಲ್ಲಿ ಪ್ರಾಣಕ್ಕೇ ಎರವಾಗಬಹುದು. ಕನ್ನಡ, ತುಳು, ಅರೆಭಾಷೆ, ಬ್ಯಾರಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ರೋಗಿಗೆ ಕೊಡುವ ಸೂಚನೆಯು ಆತನ ಮನೆಮಾತಿನಲ್ಲಿ ನಿಸ್ಸಂದಿಗ್ಧವಾಗಿರಬೇಕಾದುದು ಇದರಿಂದಲೇ.

ಬೇಕಾದುದು ಶ್ವಾಸಕೋಶದಿಂದ ಬಂದ ಗಟ್ಟಿ ಕಫ. ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ಇತರರಿಂದ ದೂರ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು ಆಳದಿಂದ ಕೆಮ್ಮತಕ್ಕದ್ದು. ರಾತ್ರಿಯೆಲ್ಲ ಶೇಖರವಾದ ಪ್ರಾತಃಕಾಲದ ಕಫವು ಉತ್ತಮ.

ಪ್ರಯೋಗಶಾಲೆಯವರು ಅದರಲ್ಲಿ ಕೀವಿನಂತಹ ಹಳದಿ ಭಾಗವನ್ನೇ ಆರಿಸಿ, ಗಾಜಿನ ಫಲಕದ ಮೇಲೆ ಸುಮಾರು 3 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲಕ್ಕೆ ತೆಳುವಾಗಿ ಬಳಿದು, ಒಣಗಿಸಿ, ಜ್ವಾಲೆಯ ಕಾವು ತೋರಿಸುವರು. 1882-83ರಲ್ಲಿ ತ್ಸೀಲ್, ನೀಲ್ಸನ್ ಎಂಬ ಜರ್ಮನ್ ವಿದ್ವಾಂಸರು ರೂಪಿಸಿದ ಕ್ರಮದಲ್ಲಿ ಇದಕ್ಕೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಬಣ್ಣವನ್ನು ಸುರಿದು ಹಬೆಯೇಳುವವರೆಗೆ ಕಾಯಿಸುವರು. ಮೇಣದಂತಹ ಕವಚವುಳ್ಳ ಕ್ಷಯಾಣುವು ಹೀರಿದ ಬಣ್ಣವನ್ನು ಗಂಧಕಾಮ್ಲದಿಂದ ತೊಳೆದರೂ ಬಿಡದು, ಉಳಿದವು ಬಿಡುವುವು. ಮೇಲೆ ಮೆಥಿಲೀನ್ ನೀಲಿಯನ್ನು ಹಚ್ಚಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು ತೋರುವುವು. (ಆಸಿಡ್ ಫಾಸ್ಟ್ ಎಂಬಲ್ಲಿನ ‘ಫಾಸ್ಟ್’ ಶಬ್ದಕ್ಕೆ ವೇಗವೆಂದಲ್ಲ, ಸ್ಥೈರ್ಯವೆಂದರ್ಥ, ‘ಆಮ್ಲಸ್ಥಿರ’ವೆಂದರೆ ಒಪ್ಪುವುದು.)

ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಅಣುಗಳಾದರೂ ಇಲ್ಲದಿದ್ದರೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಕಷ್ಟ. ಎಂಜಲನ್ನು ಕೊಟ್ಟು ರೋಗವಿಲ್ಲವೆಂಬ ಫಲವನ್ನು ಪಡೆದವನು ನಿಶ್ಚಿಂತನಾಗಿ ಮನೆಯವರ ನಡುವೆಯೇ ಕೆಮ್ಮುತ್ತಿರಬಹುದು. ರೋಗಾಣುವಿನ ಜೀನುಗಳನ್ನು ವರ್ಧಿಸಿ ನೋಡುವ ಈಗಿನ ಯಂತ್ರಗಳು ಇದಕ್ಕಿಂತ ಬಹು ಅಲ್ಪಸಂಖ್ಯೆಯನ್ನು ಗುರುತಿಸಬಲ್ಲವು. ಆದರೂ ಅವಕ್ಕೆ ಒಪ್ಪಿಸಬೇಕಾದುದು ಕಫವನ್ನೇ.