ಕುದುರೆ ಸಾಕುವವರ ಸಮುದಾಯ ಶಿಕ್ಷಣ

ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳ ದುಡಿಮೆಯನ್ನು ನಂಬಿ ಬದುಕುವ ಕುಟುಂಬಗಳಿಗೆ ಆ ಪ್ರಾಣಿಗಳ ಆಹಾರ, ಆರೋಗ್ಯ ಹಾಗೂ ಆರೈಕೆಯ ತಿಳಿವಳಿಕೆಯನ್ನು ಅವರಿರುವ ಸ್ಥಳದಲ್ಲಿಯೇ ಗುಂಪಾಗಿ ನೀಡುವ ಕಾರ್ಯಕ್ರಮಗಳನ್ನು ಕುದುರೆ ಸಾಕುವವರ ಸಮುದಾಯ ಶಿಕ್ಷಣ ಎನ್ನಲಾಗುತ್ತದೆ. ಭಾರತದಲ್ಲಿ ಇಟ್ಟಿಗೆ ಗೂಡುಗಳು, ಜಟಕಾ ನಿಲ್ದಾಣಗಳು ಮತ್ತು ಹಿಮಾಲಯದ ಯಾತ್ರಾಮಾರ್ಗಗಳಲ್ಲಿ ಇಂತಹ ಪ್ರಾಣಿಗಳು ದುಡಿಯುತ್ತವೆ. ಕುದುರೆ ಕಾಯಿಲೆ ಬಿದ್ದ ದಿನ ಮನೆಯ ಗಳಿಕೆಯೂ ನಿಲ್ಲುವುದರಿಂದ ಈ ಶಿಕ್ಷಣವು ಪ್ರಾಣಿದಯೆಯಷ್ಟೇ ಜೀವನೋಪಾಯಕ್ಕೂ ಸಂಬಂಧಿಸಿದೆ.

ಹಿನ್ನೆಲೆ

ಮೊದಲನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸೇನೆಯ ಅನೇಕ ಕುದುರೆಗಳು ಈಜಿಪ್ಟಿನಲ್ಲಿ ಮಾರಾಟವಾದವು. 1930ರಲ್ಲಿ ಕೈರೋ ನಗರಕ್ಕೆ ಬಂದ ಡೊರೊತಿ ಬ್ರೂಕ್, ಮುಪ್ಪಿನಲ್ಲಿಯೂ ದುಡಿಯುತ್ತಿದ್ದ ಆ ಕುದುರೆಗಳನ್ನು ಕಂಡು, ಮರುವರ್ಷ ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಪತ್ರ ಬರೆದು ಹಣ ಸಂಗ್ರಹಿಸಿದರು. 1934ರಲ್ಲಿ ಅಲ್ಲಿ ಅವರು ಸ್ಥಾಪಿಸಿದ ಉಚಿತ ಚಿಕಿತ್ಸಾಲಯವೇ ಇಂದಿನ ಬ್ರೂಕ್ ಸಂಸ್ಥೆಯ ಮೂಲ. ಈ ಸಂಸ್ಥೆ ಭಾರತದಲ್ಲಿಯೂ ಕಾರ್ಯನಿರ್ವಹಿಸುತ್ತಿದೆ.

ಗಾಯಕ್ಕೆ ಔಷಧ ಹಚ್ಚಿದರೂ ಗಾಯವಾಗಲು ಕಾರಣವಾದ ಜೀನು ಬದಲಾಗದಿದ್ದರೆ ಅದೇ ಜಾಗದಲ್ಲಿ ಮತ್ತೆ ಹುಣ್ಣಾಗುತ್ತದೆ. ಆದ್ದರಿಂದ ಚಿಕಿತ್ಸೆಯ ಜೊತೆಗೆ ಸಾಕುವವರ ಶಿಕ್ಷಣವೂ ಅಗತ್ಯವಾಯಿತು.

ಕಲಿಸುವ ವಿಧಾನ

ಉಪನ್ಯಾಸಕ್ಕಿಂತ ಚರ್ಚೆಗೆ ಇಲ್ಲಿ ಪ್ರಾಧಾನ್ಯವಿದೆ. 'ನಾನು ಕುದುರೆಯಾಗಿದ್ದರೆ' ಎಂಬ ಚಟುವಟಿಕೆಯಲ್ಲಿ ಸಾಕುವವರು ನೆಲದ ಮೇಲೆ ಕುದುರೆಯ ಚಿತ್ರ ಬರೆದು, ಅದು ತನ್ನ ಒಡೆಯನಿಂದ ಏನೇನು ನಿರೀಕ್ಷಿಸುತ್ತದೆ ಎಂದು ತಾವೇ ಹೇಳುತ್ತಾರೆ. ಅವುಗಳಲ್ಲಿ ಎಷ್ಟನ್ನು ಪೂರೈಸುತ್ತಿದ್ದೇವೆ ಎಂದು ತಮಗೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ. ಅಕ್ಷರ ಬಾರದವರೂ ಇದರಲ್ಲಿ ಪಾಲ್ಗೊಳ್ಳಬಹುದು. ಗುಂಪಿನವರು ಒಬ್ಬರ ಲಾಯವನ್ನು ಇನ್ನೊಬ್ಬರು ನೋಡುವುದು, ಚಿಕಿತ್ಸೆಗಾಗಿ ಉಳಿತಾಯ ನಿಧಿ ಕಟ್ಟುವುದು ಮುಂದಿನ ಹಂತಗಳು.

ಮುಖ್ಯ ವಿಷಯಗಳು

ಆಹಾರ ಮತ್ತು ನೀರು: ಕುದುರೆಯ ಜೀರ್ಣಾಂಗ ಹುಲ್ಲಿಗೆ ಹೊಂದಿಕೊಂಡದ್ದು. ಕರ್ನಾಟಕದಲ್ಲಿ ಹುರುಳಿ ಕುದುರೆಯ ಸಾಂಪ್ರದಾಯಿಕ ಆಹಾರವಾದರೂ, ಯಾವುದೇ ಕಾಳನ್ನು ಒಮ್ಮೆಗೇ ಹೆಚ್ಚಾಗಿ ತಿನ್ನಿಸಿದರೆ ತೀವ್ರ ಹೊಟ್ಟೆನೋವು ಬರಬಹುದು. ಕುದುರೆ ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ ಇದು ಪ್ರಾಣಾಂತಿಕವೂ ಆಗಬಹುದು.

ಗೊರಸು: ಪ್ರತಿದಿನ ಗೊರಸನ್ನು ಸ್ವಚ್ಛಗೊಳಿಸುವುದು, ಸುಮಾರು 6ರಿಂದ 8 ವಾರಗಳಿಗೊಮ್ಮೆ ಕತ್ತರಿಸಿ ಲಾಳ ಸರಿಪಡಿಸುವುದು.

ರೋಗಗಳು: ಧನುರ್ವಾಯುವಿನ ಲಸಿಕೆ ಹಾಕಿಸುವುದು, ಬರೆ ಹಾಕುವುದು, ಮೂಗಿನ ಹೊಳ್ಳೆ ಸೀಳುವುದು ಮುಂತಾದ ಹಾನಿಕರ ಪದ್ಧತಿಗಳನ್ನು ಕೈಬಿಡುವುದು.

ಕಾನೂನು: 1965ರ ನಿಯಮಗಳ ಪ್ರಕಾರ ಹೇಸರಗತ್ತೆಯ ಬೆನ್ನಿನ ಮೇಲೆ 200 ಕಿಲೋ, ತಟ್ಟುವಿನ ಮೇಲೆ 70 ಕಿಲೋ, ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೊರಿಸುವಂತಿಲ್ಲ. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕೊಡಬೇಕು.

ಸವಾಲುಗಳು

ಗ್ಲ್ಯಾಂಡರ್ಸ್ ಕುದುರೆಯಿಂದ ಮನುಷ್ಯರಿಗೂ ಹರಡುವ ಮಾರಕ ಸೋಂಕು, ಇದಕ್ಕೆ ಲಸಿಕೆಯಿಲ್ಲ. ರೋಗ ದೃಢಪಟ್ಟ ಪ್ರಾಣಿಯನ್ನು ಕೊಲ್ಲಬೇಕಾಗುತ್ತದೆ. ಇರುವ ಒಂದೇ ಕುದುರೆಯನ್ನು ಕಳೆದುಕೊಳ್ಳುವ ಭಯದಿಂದ ರೋಗಲಕ್ಷಣವನ್ನು ಮುಚ್ಚಿಡುವವನಿಗೆ ಮಾಹಿತಿಯೊಂದೇ ಸಾಲದು; ಪರಿಹಾರಧನ ದೊರೆಯುವ ಭರವಸೆಯೂ ಬೇಕು. ಹಾಗೆಯೇ ಹೊತ್ತ ಇಟ್ಟಿಗೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ವಿಶ್ರಾಂತಿಯ ಗಂಟೆಗಳು ನಷ್ಟದ ಗಂಟೆಗಳೂ ಹೌದು. ಆದ್ದರಿಂದ ಗೂಡಿನ ಮಾಲೀಕರನ್ನೂ ಈ ಶಿಕ್ಷಣದ ವ್ಯಾಪ್ತಿಗೆ ತರುವುದು ಅವಶ್ಯಕ.

2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ, ಇದು 2012ಕ್ಕಿಂತ ಶೇ. 45ರಷ್ಟು ಕಡಿಮೆ. ಸಾಕುವವರು ವಿರಳವಾದಂತೆ ತಲೆಮಾರಿನಿಂದ ತಲೆಮಾರಿಗೆ ಬಂದ ಅನುಭವಜ್ಞಾನವೂ ಕ್ಷೀಣಿಸುವ ಸಂಭವವಿದೆ. ಅದರಲ್ಲಿ ಹಿತವಾದುದನ್ನು ಉಳಿಸಿಕೊಳ್ಳುವುದೂ ಸಮುದಾಯ ಶಿಕ್ಷಣದ ಕೆಲಸವಾಗಿದೆ.